ಸೋಮವಾರದವಳು

ನನ್ನ ಹೆಸರು ಅಜೋಬಾ. ಅಂದರೆ ಸೋಮವಾರದವಳು.
ನಮ್ಮಲ್ಲಿ ಮಗು ಹುಟ್ಟುವ ಮೊದಲೇ ಹೆಸರು ಕಾದಿರುತ್ತದೆ,
ಯಾವ ವಾರ ಎನ್ನುವುದಷ್ಟೇ ಬಾಕಿ.
ಊರಿಗೆಲ್ಲ ಬೇಡವಾದ ವಾರ ನನ್ನ ಪಾಲಿಗೆ ಬಂತು.
ಟ್ರೋಟ್ರೋ ಡ್ರೈವರ್ ಅದಕ್ಕೆ ಶಾಪ ಹಾಕುತ್ತಾನೆ,
ಶಾಲೆಯ ಮಕ್ಕಳಿಗೆ ಅವತ್ತೇ ಹೊಟ್ಟೆನೋವು.
ಯಾರು ಸೋಮವಾರವನ್ನು ಬೈದರೂ
ನಾನು ತಿರುಗಿ ನೋಡುತ್ತೇನೆ,
ನನ್ನನ್ನೇ ಕರೆದರೇನೋ ಎಂದು.

ಅಕ್ಕ ಕುಕುವಾ ಬುಧವಾರದವಳು.
ಅವಳ ಮಗ ಎಬೊ ಮಂಗಳವಾರದವನು.
ನಮಗೆ ಗೋಡೆಯ ಕ್ಯಾಲೆಂಡರ್ ಬೇಕಿರಲಿಲ್ಲ,
ಊಟಕ್ಕೆ ಕೂತರೆ ಅರ್ಧ ವಾರವೇ ಕೂತಂತೆ.

ಮೊನ್ನೆ ಶನಿವಾರ ಅವಳನ್ನು ಮಣ್ಣು ಮಾಡಿದೆವು.
ಕಪ್ಪು ಬಟ್ಟೆ, ಕೆಂಪು ತಲೆವಸ್ತ್ರ, ಬಾಡಿಗೆ ಕುರ್ಚಿ,
ಎದೆಗೆ ಗುದ್ದುವ ಸ್ಪೀಕರು.
ನಿನ್ನೆ ಭಾನುವಾರ ಬಿಳಿ ಉಟ್ಟು
ಮೆಥೊಡಿಸ್ಟ್ ಚರ್ಚಿನಲ್ಲಿ ಸಾಲಾಗಿ ನಿಂತು
ಕೊಟ್ಟದ್ದಕ್ಕೂ ಒಯ್ದದ್ದಕ್ಕೂ
ಒಂದೇ ಬಾಯಲ್ಲಿ ವಂದನೆ ಹೇಳಿದೆವು.
ಕಪ್ಪಿಗೊಂದು ದಿನ, ಬಿಳಿಗೊಂದು ದಿನ,
ಹಿರಿಯರು ಎಲ್ಲ ಗೊತ್ತು ಮಾಡಿಟ್ಟಿದ್ದಾರೆ.
ಸೋಮವಾರ ಏನು ಉಡಬೇಕೆಂದು ಮಾತ್ರ
ಯಾರೂ ಹೇಳಿಹೋಗಿಲ್ಲ.

ಈಗ ಮೂರೂವರೆ ಗಂಟೆ.
ಸೆಕೊಂಡಿಯ ಕಡಲು ಕತ್ತಲಲ್ಲೇ ಗೊಣಗುತ್ತಿದೆ.
ಮೂಲೆಯ ಹಂಡೆಯಲ್ಲಿ ಮೆಕ್ಕೆಜೋಳದ ಹಿಟ್ಟು,
ಶುಕ್ರವಾರ, ಸಾವಿನ ಮನೆಯ ಗದ್ದಲದ ನಡುವೆ,
ಕಣ್ಣೀರು ಒರೆಸಿಕೊಳ್ಳುತ್ತಲೇ ನಾನು ಕಲಸಿಟ್ಟದ್ದು.
ಯಾಕೆ ಕಲಸಿದೆ? ಗೊತ್ತಿಲ್ಲ.
ತಲೆಗಿಂತ ಮೊದಲು ಕೈಗೇ ನಂಬಿಕೆಯಿತ್ತು,
ಸೋಮವಾರ ಬಂದೇ ಬರುತ್ತದೆಂದು.

ಮುಚ್ಚಳ ತೆಗೆದೆ. ಹುಳಿ ಬಂದಿದೆ.
ನೋಡುವವರಿಲ್ಲದ ಕತ್ತಲಲ್ಲಿ
ತನ್ನ ಪಾಡಿಗೆ ತಾನು ಉಬ್ಬಿದೆ.

ಅರ್ಧ ಹಿಟ್ಟು ಬೇಯಿಸು, ಅರ್ಧ ಹಸಿಯೇ ಇರಲಿ,
ಎರಡನ್ನೂ ಕೂಡಿಸಿ ನಾದು.
ದೊಕೊನೊ ಮಾಡುವುದನ್ನು ಅಕ್ಕ ಕಲಿಸಿದ್ದು ಇಷ್ಟೇ.
ಬರೀ ಬೆಂದದ್ದು ಅಂಟು, ಬರೀ ಹಸಿ ಉದುರು,
ಬೆಂದದ್ದೂ ಬೇಯದ್ದೂ ಸೇರಿದರೇ ಉಂಡೆ.
ನನ್ನ ಪ್ರಾರ್ಥನೆಯೂ ಇವತ್ತು ಹಾಗೇ, ಸ್ವಾಮಿ.
ಅರ್ಧ ಬೆಂದಿದೆ. ಅರ್ಧ ಇನ್ನೂ ಹಸಿ.
ಕಲಸಿಕೋ.

ಪೆಟ್ಟಿಗೆಯ ತಳದಲ್ಲಿ ಒಂದು ಹಳದಿ ಬಟ್ಟೆ,
ಮೈತುಂಬ ನೀಲಿ ಹಕ್ಕಿ.
ಆರು ಗಜ ಕೊಂಡಿದ್ದಳು ಕುಕುವಾ,
ಮೂರು ನಿನಗೆ ಮೂರು ನನಗೆ, ಈಸ್ಟರಿಗೆ ಉಡೋಣವೆಂದು.
ಅವಳ ಮೂರು ಅವಳ ಜೊತೆ ಹೋದವು.
ನನ್ನ ಮೂರನ್ನು ಕೊಡವಿದೆ. ಕರ್ಪೂರದ ಗುಳಿಗೆಯೊಂದು
ಟಪ್ಪೆಂದು ನೆಲಕ್ಕೆ ಬಿದ್ದು ಉರುಳಿ
ಎಬೊನ ಚಾಪೆಯ ಕೆಳಗೆ ಸೇರಿತು.

ಪಕ್ಕದ ಮನೆಯ ಅರಬಾ ಬಾಗಿಲಲ್ಲೇ ಕೇಳಿದಳು:
"ಮಣ್ಣಿನ್ನೂ ಆರಿಲ್ಲ. ಹಳದಿಯೇ?"
ಹಳದಿಯೇ.
ಸಂತೋಷ ತಾನಾಗಿ ಬಂದು ನನ್ನ ಕದ ತಟ್ಟಲಿಲ್ಲ ಅರಬಾ,
ನಾನೇ ಹೋಗಿ ಕರೆತಂದೆ,
ಒಲ್ಲೆನೆಂದು ಕಾಲೂರಿದ ಮೇಕೆಯನ್ನು
ಹಗ್ಗ ಹಿಡಿದು ಎಳೆತರುವ ಹಾಗೆ.
ದಾರಿಯುದ್ದಕ್ಕೂ ಅದು ಅರಚುತ್ತಿತ್ತು. ನಾನೂ.

ಐದೂವರೆಗೆ ಸ್ಟೇಷನ್ನಿನ ತಿರುವಿನಲ್ಲಿ
ಒಣಬಾಳೆಲೆಯ ಉಂಡೆಗಳು ಹಬೆಯಾಡುತ್ತಿವೆ.
ಕರಿದ ಮೀನು, ಅರೆದ ಮೆಣಸು, ಎರಡೂ ಇವೆ.
ಅಕ್ಕನ ಮೊಣಕಾಲುಮಣೆ ಖಾಲಿ. ಅಲ್ಲೇ ಇಟ್ಟಿದ್ದೇನೆ.
ಡ್ರೈವರ್ ಬಂದ, ಮುಖ ಗಂಟು:
"ಹಾಳು ಸೋಮವಾರ!"
"ಏನಪ್ಪಾ, ಕರೆದೆಯಾ?" ಎಂದೆ.
ಅವನಿಗೆ ತಡವಾಗಿ ಅರ್ಥವಾಗಿ ನಕ್ಕ.
ನಾನೂ ನಕ್ಕೆ. ಆರು ವಾರದಲ್ಲಿ ಮೊದಲ ಸಲ,
ಹಲ್ಲಿಗೆ ಗಾಳಿ ತಾಗಿ ಚಳಿಯೆನಿಸಿತು.

ನಾಳೆ ಮಂಗಳವಾರ, ಕಡಲಿಗೇ ರಜೆ, ದೋಣಿ ಇಳಿಯದು,
ಎಬೊಗೆ ಎರಡು ಉಂಡೆ ಹೆಚ್ಚು ಕೊಡುತ್ತೇನೆ.
ಆಮೇಲೆ ಬುಧವಾರ.
ಅದು ಬರುತ್ತದೆ. ಪ್ರತಿ ವಾರವೂ ಬರುತ್ತದೆ
ಅವಳ ಹೆಸರು ಹೊತ್ತುಕೊಂಡು.
ಅದಕ್ಕೆ ಬೇಕಾದ ಹಿಟ್ಟನ್ನು
ಇವತ್ತೇ ಕಲಸಿಡಬೇಕು.